ಕಾಯಿಗಳು ಮೂಕಾದ ವರ್ಷ

ಹಾಲ್ಕುರಿಕೆಯ ಶಂಭುಲಿಂಗಯ್ಯ ಅಂಗಡಿಯ ಮೆಟ್ಟಿಲು ಹತ್ತಿದರೆ ಅದು ಎಲೆ ಅಡಿಕೆಗೆ ಮಾತ್ರ. ಮನೆಯಲ್ಲಿ ಏನು ಮುರಿದರೂ, ಹರಿದರೂ, ಸೋರಿದರೂ ಆತ ಮೊದಲು ತಿರುಗಿ ನೋಡುತ್ತಿದ್ದದ್ದು ತೋಟದ ಕಡೆಗೆ. ಎರಡು ಎಕರೆ ತೋಟ, ನೂರು ಚಿಲ್ಲರೆ ತೆಂಗಿನ ಮರ. ಅಷ್ಟು ಮರಗಳಲ್ಲಿ ಸಿಗದ ಸಾಮಾನು ತಿಪಟೂರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದು ಅವನ ನಂಬಿಕೆ. ಹೆಂಡತಿ ಕಲ್ಲಮ್ಮನ ಕನ್ನಡಕದ ಕಾಲು ಮುರಿದಾಗ ಗರಿಯ ಕಡ್ಡಿ ಕೆತ್ತಿ ಹೊಸ ಕಾಲು ಕೂರಿಸಿಕೊಟ್ಟ. ಆಕೆ ಅದನ್ನು ಹಾಕಿಕೊಂಡು ಮದುವೆಮನೆಗೆ ಹೋದರೆ ಎಡಗಡೆಯಿಂದ ಮುತ್ತೈದೆಯಂತೆಯೂ ಬಲಗಡೆಯಿಂದ ಪೊರಕೆಯಂತೆಯೂ ಕಾಣುತ್ತಿದ್ದಳು. ಟಿವಿಎಸ್ ಗಾಡಿಯ ಸೀಟು ಹರಿದಾಗ ಒಳಗೆ ತೆಂಗಿನ ನಾರು ತುಂಬಿ ತಾನೇ ಹೊಲಿದ. ಮೊದಲ ಮಳೆಗೆ ನಾರು ಹೊಟ್ಟೆ ತುಂಬ ನೀರು ಕುಡಿಯಿತು, ವಾರ ಕಳೆಯುವುದರೊಳಗೆ ಹಿಂದಿನ ಸೀಟಿನಲ್ಲಿ ನಾಲ್ಕು ಅಣಬೆ ಎದ್ದವು. ಅಣಬೆಯ ಮೇಲೆ ತಾನು ಕೂರುವುದಿಲ್ಲ ಎಂದು ಕಲ್ಲಮ್ಮ ಹಟ ಹಿಡಿದಳು. ಶಂಭುಲಿಂಗಯ್ಯನಿಗೆ ಅದರ ಬೇಸರವಿರಲಿಲ್ಲ, ಆ ಅಣಬೆ ತಿನ್ನುವ ಜಾತಿಯದ್ದಲ್ಲವಲ್ಲ ಎಂಬ ಬೇಸರವಿತ್ತು.

ಮನೆಯ ಕಾಲಿಂಗ್ ಬೆಲ್ ಕೆಟ್ಟಾಗ ಮಾಡಿದ ಉಪಾಯವಂತೂ ಬೀದಿಗೆಲ್ಲ ಪ್ರಸಿದ್ಧ. ಬಾಗಿಲ ಪಕ್ಕ ಒಂದು ಹಗ್ಗ ಇಳಿಬಿಟ್ಟು ಅದರ ತುದಿಗೆ ಒಣಗಿದ ತೆಂಗಿನಕಾಯಿ ಕಟ್ಟಿದ. ಬಂದವರು ಅದನ್ನು ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಲೊಟ ಎನ್ನುತ್ತಿತ್ತು. ಕರೆಂಟು ಬೇಡ, ಸೆಲ್ಲು ಬೇಡ. ಹೊಸಬರು ಮಾತ್ರ ಅದನ್ನು ದೃಷ್ಟಿಗೆ ಕಟ್ಟಿದ ಕಾಯಿ ಎಂದುಕೊಂಡು, ಕೈಮುಗಿದು, ಹೊರಗೇ ನಿಂತಿರುತ್ತಿದ್ದರು.

ಆದರೆ ಊರಿನವರು ಅವನನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದು ಈ ಕೈಕೆಲಸಗಳಿಗಲ್ಲ, ಕಿವಿಗೆ. ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಕೀಳಿಸಿ ಮನೆಯ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಬೇಕು, ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಿ ಒಳಗೇ ಉರುಳಾಡಬೇಕು. ಅವಸರಪಟ್ಟು ಇಳಿಸಿದರೆ ಹಸಿ ಉಳಿದು ಕೊಬ್ಬರಿ ಕೌಟು ಹಿಡಿಯುತ್ತದೆ, ಮಂಡಿಯ ವ್ಯಾಪಾರಿಗಳು ಮೂಸಿ ನೋಡಿ ಮುಖ ತಿರುಗಿಸುತ್ತಾರೆ. ಆಗಿದೆಯೋ ಇಲ್ಲವೋ ತಿಳಿಯಲು ಇರುವುದು ಒಂದೇ ದಾರಿ: ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಕ್ ಗುಳುಕ್. ನೀರಿಂಗಿದೆ, ಆದರೆ ತಿರುಳು ಇನ್ನೂ ಚಿಪ್ಪಿಗೆ ಅಂಟಿಕೊಂಡಿದೆ ಎಂದರೆ ಸದ್ದೇ ಇಲ್ಲ. ಇದಕ್ಕೆ ಶಂಭುಲಿಂಗಯ್ಯ ಇಟ್ಟ ಹೆಸರು ಮೂಕ ಕಾಯಿ. ಪೂರ್ತಿ ಆಗಿದ್ದರೆ ಲೊಟಲೊಟ.

ಇದು ಎಲ್ಲರಿಗೂ ಗೊತ್ತಿರುವ ವಿದ್ಯೆಯೇ. ಆದರೂ ಅವರ ಬೀದಿಯಲ್ಲಿ ಶಂಭುಲಿಂಗಯ್ಯ ಬಂದು ಅಲ್ಲಾಡಿಸಿ ‘ಇಳಿಸಿ’ ಎನ್ನುವ ತನಕ ಯಾರೂ ಅಟ್ಟಕ್ಕೆ ಏಣಿ ಹಾಕುತ್ತಿರಲಿಲ್ಲ. ಮೂವತ್ತು ವರ್ಷದಿಂದ ಅದು ನಡೆದು ಬಂದ ಪದ್ಧತಿ. ಆತ ಕಾಯಿಯನ್ನು ಬಲಗಿವಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಮೂರು ಸಲ ಅಲ್ಲಾಡಿಸಿ, ಕಣ್ಣು ತೆರೆದು, ತೀರ್ಪು ಕೊಟ್ಟು, ಒಂದು ಲೋಟ ಕಾಫಿ ಕುಡಿದು ಎದ್ದುಬರುತ್ತಿದ್ದ. ಅದಕ್ಕೇ ಅವನಿಗೆ ಕಿವಿ ಶಂಭಣ್ಣ ಎಂದು ಹೆಸರು. ಆ ಹೆಸರು ಕೇಳಿದಾಗ ಅವನ ಎದೆ ಒಂದು ಅಂಗುಲ ಉಬ್ಬುತ್ತಿದ್ದದ್ದನ್ನು ಕಲ್ಲಮ್ಮ ಮೂವತ್ತು ವರ್ಷದಿಂದ ನೋಡಿದ್ದಾಳೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಎದುರು ಮನೆಯ ಅಂಕಮ್ಮ ಹೇಳಿಕಳಿಸಿದಳು. ಅಂಕಮ್ಮ ಶಂಭುಲಿಂಗಯ್ಯನ ವಾರಗೆಯವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ಮಗ ಮೋಹನ್ ಕುಮಾರ್ ಅಟ್ಟದಿಂದ ಒಂದು ಕಾಯಿ ತಂದು ಕೊಟ್ಟ. ಶಂಭುಲಿಂಗಯ್ಯ ಕಣ್ಣು ಮುಚ್ಚಿ ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಂದು ಕಾಯಿ ತರಿಸಿದ, ಅದೂ ಸದ್ದಿಲ್ಲ.

“ಮೂಕ” ಎಂದ. “ಇನ್ನೂ ಚಿಪ್ಪು ಬುಟ್ಟಿಲ್ಲ ಕಣಮ್ಮ. ಎರಡು ತಿಂಗಳು ಬೇಕು.”

“ಅಣ್ಣ, ನಂಗೆ ಲೊಟಲೊಟ ಅಂತ ಕೇಳ್ತಲ್ಲಣ್ಣ!” ಎಂದ ಮೋಹನ್ ಕುಮಾರ್.

“ಮೂರು ಹೊತ್ತೂ ಫೋನು ಕಿವಿಗೆ ಇಟ್ಕಂಡಿರೋನಿಗೆ ಏನು ಬೇಕಾದ್ರೂ ಕೇಳ್ತೈತೆ ಕಣ್ಲಾ” ಎಂದು ಶಂಭುಲಿಂಗಯ್ಯ ಅವನ ಬಾಯಿ ಮುಚ್ಚಿಸಿದ.

ಅಂಕಮ್ಮ ಮಗನ ಮುಖ ನೋಡಿದಳು, ಆಮೇಲೆ ಗಂಡನ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಕಲ್ಲಮ್ಮನ ಮುಖ ನೋಡಿದಳು. ಕಲ್ಲಮ್ಮ ಗಂಡನ ಬೆನ್ನ ಹಿಂದೆ ಎರಡೂ ಕೈ ಜೋಡಿಸಿ ಮೆಲ್ಲಗೆ ತಲೆ ಅಲ್ಲಾಡಿಸಿದಳು. ಅಂಕಮ್ಮನ ಜೋರು ಬಾಯಿ ಒಮ್ಮೆಲೇ ತಣ್ಣಗಾಯಿತು. “ಆಗ್ಲಿ ಬುಡಣ್ಣ, ನೀನು ಹೇಳಿದ ಮೇಲೆ ಮುಗೀತು” ಎಂದು ಕಾಫಿ ತರಲು ಎದ್ದಳು. ತನ್ನ ಮಾತಿಗೆ ಎಷ್ಟು ಬೆಲೆ ನೋಡು ಎಂದು ಶಂಭುಲಿಂಗಯ್ಯನಿಗೆ ಹಿಗ್ಗಾಯಿತು.

ಅದೇ ವಾರ ಬೀದಿಯ ಇನ್ನೂ ಮೂರು ಮನೆಗಳಿಗೆ ಹೋಗಿ ಅಲ್ಲಾಡಿಸಿದ. ಮೂಕ, ಮೂಕ, ಮೂಕ. ತನ್ನ ಮನೆಯ ಕಾಯಿ ನೋಡಿದರೆ ಅದೂ ಮೂಕ. ಮಂಡಿನೋವೆಂದು ಅವನನ್ನು ಏಣಿ ಹತ್ತಲು ಬಿಡದೆ ಕಲ್ಲಮ್ಮನೇ ಅಟ್ಟದಿಂದ ಕಾಯಿ ತಂದುಕೊಟ್ಟಿದ್ದಳು. ಊರಿಗೆ ಊರೇ ಹೀಗಾದರೆ ಕಾರಣ ಇರಲೇಬೇಕಲ್ಲ? ಶಂಭುಲಿಂಗಯ್ಯ ಅರಳಿಕಟ್ಟೆಯ ಮೇಲೆ ಕೂತು ಎರಡು ದಿನ ಯೋಚಿಸಿ, ಊರಾಚೆ ಹೊಸದಾಗಿ ಎದ್ದ ಫೋನಿನ ಟವರ್ ಕಡೆ ಬೆರಳು ತೋರಿಸಿದ. “ಅದು ಬಂದಾಗಿಂದ ಕಾಯಿಗಳು ಬಾಯಿ ಬುಡ್ತಿಲ್ಲ” ಎಂದ. ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಇದ್ದರೂ ಇರಬೈದು ಕಣಣ್ಣ” ಎಂದರು. ಅವರಲ್ಲಿ ಒಬ್ಬನಂತೂ ವಿಪರೀತ ಕೆಮ್ಮು ಬಂದು ಎದ್ದೇ ಹೋದ.

ಈ ತೀರ್ಪುಗಳಾದ ಎಂಟು ದಿನಕ್ಕೆ ಕೆಂಕೆರೆಯಿಂದ ತಂಗಿ ಗಂಗಲಕ್ಷ್ಮಿಯ ಫೋನು ಬಂತು. ಕೊಟ್ಟಿಗೆಗೆ ಸೋಗೆ ಹೊದಿಸಬೇಕು, ಅಣ್ಣನ ಹಾಗೆ ಹೊದಿಸುವವರು ನಮ್ಮೂರಲ್ಲಿ ಯಾರಿದ್ದಾರೆ, ಬಂದು ಮೂರು ದಿನ ಇದ್ದು ಹೋಗಲಿ ಎಂದು ಗಂಗಲಕ್ಷ್ಮಿ ಹೇಳಿದಳಂತೆ. ಫೋನು ತೆಗೆದುಕೊಂಡದ್ದು ಕಲ್ಲಮ್ಮ, ಹೇಳಿದ್ದೂ ಕಲ್ಲಮ್ಮ. ಶಂಭುಲಿಂಗಯ್ಯ ಹೋಗಿ ನೋಡಿದರೆ ಕೊಟ್ಟಿಗೆಗೆ ಹೋದ ವರ್ಷವಷ್ಟೇ ಶೀಟು ಹಾಕಿಸಿದ್ದರು. ಶೀಟಿನ ಮೇಲೂ ಸೋಗೆ ಇದ್ದರೆ ತಂಪು ಎಂದು ತಂಗಿ ತಡವರಿಸಿದಳು. ಎಂಥ ಬುದ್ಧಿವಂತೆ ಎಂದು ಮೆಚ್ಚಿಕೊಂಡು ಮೂರು ದಿನ ಬೆವರು ಸುರಿಸಿ ಹೊದಿಸಿದ.

ವಾಪಸು ಬಂದಾಗ ಹಿತ್ತಲಲ್ಲಿ ಆಳೆತ್ತರ ಚಿಪ್ಪಿನ ರಾಶಿ ಇತ್ತು.

“ಏನೇ ಇದು?”

“ನಿಮಗೇ ಕಣ್ರೀ!” ಎಂದಳು ಕಲ್ಲಮ್ಮ ಗಂಟಲು ಎತ್ತರಿಸಿ. “ಸೌಟು, ಬಟ್ಟಲು ಅಂತ ಏನೇನೋ ಮಾಡ್ತಿರ್ತೀರಲ್ಲ, ಇರ್ಲಿ ಅಂತ ತರಿಸ್ದೆ!”

ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಹೆಂಡತಿ ತನ್ನ ಕೈಕೆಲಸವನ್ನು ಮೆಚ್ಚಿದ್ದು ಇದೇ ಮೊದಲು. ಶಂಭುಲಿಂಗಯ್ಯನ ಕಣ್ಣು ಒದ್ದೆಯಾಯಿತು. ಆ ಸಂತೋಷದಲ್ಲಿ ಇಪ್ಪತ್ತಮೂರು ಸೌಟು ಮಾಡಿದ. ಅವರ ಮನೆಯಲ್ಲಿ ಇರುವವರು ಇಬ್ಬರು.

ಈಚೆಗೆ ಅವಳಿಗೆ ಕೋಪ ಸ್ವಲ್ಪ ಜಾಸ್ತಿಯಾಗಿದೆ, ಪ್ರತಿ ಮಾತನ್ನೂ ಕಿರುಚುತ್ತಾಳೆ ಎಂದು ಮಾತ್ರ ಅವನಿಗೆ ಅನ್ನಿಸುತ್ತಿತ್ತು. ಮನೆಗೆ ಜನ ಬರುವುದು ಕಡಿಮೆಯಾಗಿದೆ, ಬಾಗಿಲ ಕಾಯಿ ಅಲ್ಲಾಡಿ ಎಷ್ಟು ದಿನವಾಯಿತು ಎಂದೂ ಅನ್ನಿಸುತ್ತಿತ್ತು. ಇವೆರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಯುಗಾದಿ ಕಳೆದು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಶಂಭುಲಿಂಗಯ್ಯ ನಡುಮನೆಯಲ್ಲಿ ಕೂತು ಇಪ್ಪತ್ತನಾಲ್ಕನೆಯ ಸೌಟಿಗೆ ಹಿಡಿ ಕೆತ್ತುತ್ತಿದ್ದ. ತಲೆ ಎತ್ತಿದರೆ ತೆರೆದ ಬಾಗಿಲಲ್ಲಿ ಮೋಹನ್ ಕುಮಾರ್ ನಿಂತಿದ್ದಾನೆ. ಎರಡೂ ಕೈಯಲ್ಲಿ ಬೆಲ್ಲಿನ ಕಾಯಿಯನ್ನು ಹಿಡಿದು ಜಾಡಿಸುತ್ತಿದ್ದಾನೆ. ಹಗ್ಗ ಕುಣಿಯುತ್ತಿದೆ, ಅವನ ಭುಜ ಕುಣಿಯುತ್ತಿದೆ. ಸದ್ದು ಮಾತ್ರ ಇಲ್ಲ. ಒಂದಿಷ್ಟೂ ಇಲ್ಲ.

“ಸೊಪ್ಪು ಕೊಡಾಕೆ ಬಂದೆ ಕಣಣ್ಣ! ಆಗ್ಲಿಂದ ಅಲ್ಲಾಡಿಸ್ತಾ ಇವ್ನಿ!” ಎಂದು ಕೂಗಿ, ನುಗ್ಗೆಸೊಪ್ಪಿನ ಕಟ್ಟು ಇಟ್ಟು ಆತ ಹೋದ.

ಶಂಭುಲಿಂಗಯ್ಯ ಎದ್ದು ಹೋಗಿ ಕಾಯಿಯನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸಿದ. ಎಡಗಿವಿಗೆ ಹಿಡಿದ. ಈ ಕಾಯಿ ಮೂಕವಾಗಿರಲು ಸಾಧ್ಯವೇ ಇರಲಿಲ್ಲ, ಎಂಟು ವರ್ಷದಿಂದ ಲೊಟಲೊಟ ಅಂದ ಕಾಯಿ ಅದು. ಟವರ್ ಮೇಲೆ ಹೊರಿಸಿದ್ದು, ಕಲ್ಲಮ್ಮನ ಕಿರುಚಾಟ, ನಾಲ್ಕು ಮನೆಗಳ ಮೂಕ ಕಾಯಿ, ಎಲ್ಲ ಒಟ್ಟಿಗೆ ನೆನಪಾಗಿ ಅವನು ಹೊಸ್ತಿಲ ಮೇಲೆ ಕೂತುಬಿಟ್ಟ. ಮೂಕಾಗಿದ್ದು ಕಾಯಿಯಲ್ಲ.

ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು. ತಿಪಟೂರಿಗೆ ಹೋಗಿ ಕಿವಿಗೆ ಮಿಷನ್ನು ಹಾಕಿಸಿಕೊಳ್ಳಬಹುದು. ಆದರೆ ಕಿವಿ ಶಂಭಣ್ಣನ ಕಿವಿಯಲ್ಲಿ ಮಿಷನ್ನು ಕಂಡ ಮೇಲೆ ಯಾವ ಮನೆಯವರು ಕರೆಯುತ್ತಾರೆ? ಕಿವಿ ಹೋದರೆ ಉಳಿಯುವುದು ಬರೀ ಶಂಭಣ್ಣ. ಮಂಡಿನೋವಿನ, ಸೌಟು ಕೆತ್ತುವ, ಅಣಬೆ ಸೀಟಿನ ಶಂಭಣ್ಣ. ಅದಕ್ಕಿಂತ ಹೆಚ್ಚಾಗಿ ಕೊರೆದದ್ದು ಇನ್ನೊಂದು: ತನ್ನ ಮಾತು ನಂಬಿ ನಾಲ್ಕು ಮನೆಯವರು ಆಗಿರುವ ಕೊಬ್ಬರಿಯನ್ನು ಅಟ್ಟದಲ್ಲೇ ಇಟ್ಟುಕೊಂಡು ಕೂತಿದ್ದಾರೆ, ಮೇಲೆ ಇಲಿಗಳ ಹಬ್ಬ ನಡೆದಿರುತ್ತದೆ. ಹೇಗಾದರೂ ಮಾಡಿ ಕೇಳಿಸಿಕೊಳ್ಳಬೇಕು. ಯಾರಿಗೂ ಗೊತ್ತಾಗದ ಹಾಗೆ ಕೇಳಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಎಲ್ಲೋ ಇರಲೇಬೇಕು.

ಮಾರನೆಯ ದಿನದಿಂದ ಹಿತ್ತಲ ಕೊಟ್ಟಿಗೆಯಲ್ಲಿ ಪ್ರಯೋಗಗಳು ಶುರುವಾದವು. ಮೊದಲು ಸೀಮೆಎಣ್ಣೆ ಸುರಿಯುವ ಲಾಳಿಕೆಯನ್ನು ಕಿವಿಗೆ ಸಿಕ್ಕಿಸಿಕೊಂಡ. ಕಾಯಿಯ ಸದ್ದು ಬರಲಿಲ್ಲ, ಸೀಮೆಎಣ್ಣೆಯ ವಾಸನೆ ಮಾತ್ರ ತಲೆಯೊಳಗೆ ನಿಂತಿತು. ಮೂರು ದಿನ ದೇವರ ದೀಪ ಹಚ್ಚಲು ಹೆದರಿ ಕಲ್ಲಮ್ಮನಿಗೇ ಹಚ್ಚಲು ಹೇಳಿದ. ಆಮೇಲೆ ತೋಟದ ಡ್ರಿಪ್ ಪೈಪಿನ ತುಂಡು ತಂದು ಒಂದು ತುದಿ ಕಾಯಿಗೆ ಕಟ್ಟಿ ಇನ್ನೊಂದು ತುದಿ ಕಿವಿಯಲ್ಲಿಟ್ಟುಕೊಂಡ. ಪೈಪಿನೊಳಗೆ ಮೊದಲೇ ಮನೆ ಮಾಡಿಕೊಂಡಿದ್ದ ಇರುವೆಯೊಂದು ಮೂರು ಅಡಿ ನಡೆದು ಬಂದು ಹೊಸ ಮನೆ ಹೇಗಿದೆ ಎಂದು ಒಳಗೆ ಇಣುಕಿತು. ಅಂದು ಶಂಭುಲಿಂಗಯ್ಯ ಒಂಟಿಕಾಲಲ್ಲಿ ಕುಣಿದದ್ದು ಅವನ ಮಂಡಿನೋವಿಗೆ ಶೋಭೆ ತರುವಂತಿರಲಿಲ್ಲ. ಕೊನೆಗೆ ದೋಣಿಯ ಹಾಗಿರುವ ಒಣ ಹೊಂಬಾಳೆ ಎರಡನ್ನು ಎರಡೂ ಕಿವಿಯ ಹಿಂದೆ ಹಿಡಿದು ನಿಂತ. ಎರಡೂ ಕೈ ಅದಕ್ಕೇ ಆದ ಮೇಲೆ ಕಾಯಿ ಅಲ್ಲಾಡಿಸಲು ಕೈ ಎಲ್ಲಿದೆ? ಹಸು ಮೆಲುಕು ಹಾಕುವುದನ್ನು ನಿಲ್ಲಿಸಿ ಅವನನ್ನೇ ನೋಡಿತು.

ನೋಡುತ್ತಿದ್ದದ್ದು ಹಸು ಒಂದೇ ಅಲ್ಲ. ಗೋಡೆಯ ಆಚೆಯಿಂದ ಕಲ್ಲಮ್ಮ ಬಾಯಿಗೆ ಸೆರಗು ತುರುಕಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ನಕ್ಕು ಸಾಕಾದ ಮೇಲೆ ಯಾಕೋ ಅವಳಿಗೆ ಅಳು ಬರುತ್ತಿತ್ತು. ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು.

ಐದನೆಯ ದಿನ ಬುಧವಾರ. ಶಂಭುಲಿಂಗಯ್ಯ ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಲಾಳಿಕೆ ಹಿಡಿದು ಎರಡನ್ನೂ ಸೇರಿಸಿದರೆ ಹೇಗೆ ಎಂದು ನೋಡುತ್ತಿದ್ದ. ಸುಲಿದ ಕಾಯಿಯನ್ನು ಇಡಲು ಜಾಗವಿಲ್ಲದೆ ಗದ್ದದ ಕೆಳಗೆ ಒತ್ತಿ ಹಿಡಿದಿದ್ದ. ಅಷ್ಟರಲ್ಲಿ ಕರು ಹಗ್ಗ ಬಿಚ್ಚಿಕೊಂಡು ಹಾಲು ಕುಡಿಯಲು ತಾಯಿಯ ಕಡೆ ಓಡಿತು, ಓಡುವ ದಾರಿಯಲ್ಲಿ ಇವನ ಸೊಂಟಕ್ಕೆ ಢಿಕ್ಕಿ ಹೊಡೆಯಿತು. ಶಂಭುಲಿಂಗಯ್ಯ ಮುಗ್ಗರಿಸಿದ. ತಲೆ ಅಲ್ಲಾಡಿತು, ಗದ್ದ ಅಲ್ಲಾಡಿತು, ಗದ್ದದ ಕೆಳಗಿನ ಕಾಯಿಯೂ ಅಲ್ಲಾಡಿತು.

ಲೊಟಲೊಟ.

ಕಿವಿಯಲ್ಲಲ್ಲ. ದವಡೆಯೊಳಗೆ, ಹಲ್ಲಿನೊಳಗೆ, ತಲೆಬುರುಡೆಯ ನಡುಮಧ್ಯೆ. ಎಷ್ಟೋ ತಿಂಗಳಿಂದ ಕೇಳದ ಸದ್ದು ಎಲುಬಿನ ದಾರಿ ಹಿಡಿದು ಬಂದಿತ್ತು. ಶಂಭುಲಿಂಗಯ್ಯ ಪೈಪನ್ನೂ ಲಾಳಿಕೆಯನ್ನೂ ಎಸೆದು, ಕಾಯಿಯನ್ನು ಎರಡೂ ಕೈಯಿಂದ ಗದ್ದಕ್ಕೆ ಒತ್ತಿಕೊಂಡು ತಲೆ ಕೊಡವಿದ. ಲೊಟಲೊಟ! ಮತ್ತೆ ಕೊಡವಿದ. ಲೊಟಲೊಟ! ಕುಣಿದುಕೊಂಡು, ತಲೆ ಒದರಿಕೊಂಡು, ಹಿತ್ತಲಿನಿಂದ ನಡುಮನೆಗೆ ಬಂದ. ಮೊಸರು ಕೇಳಲು ಬಂದಿದ್ದ ಅಂಕಮ್ಮ ಅವನ ಅವತಾರ ನೋಡಿದವಳೇ, “ಕಲ್ಲಕ್ಕ, ನಿನ್ ಯಜಮಾನಂಗೆ ದೇವ್ರು ಬಂದೈತೆ ಕಣೇ! ಅರಿಶಿನ ತತ್ತಾ!” ಎಂದು ಚೀರಿ, ಪಾತ್ರೆ ಅಲ್ಲೇ ಬಿಟ್ಟು ಎದ್ದುಬಿದ್ದು ಮನೆಗೆ ಓಡಿದಳು.

“ಆಗೈತೆ ಕಣೇ! ನಮ್ಮ ಕಾಯಿ ಆಗೈತೆ! ಅಂಕಮ್ಮನದೂ ಆಗಿರ್ತದೆ, ಎಲ್ಲಾರ್ದೂ ಆಗಿರ್ತದೆ!” ಎಂದ ಶಂಭುಲಿಂಗಯ್ಯ. ಮರುಗಳಿಗೆಗೆ ಮುಖ ಬಾಡಿತು. “ಮೊದಲು ಅವರಿಗೆ ಹೇಳ್ಬೇಕು. ಬತ್ತೀನಿ ತಡಿ.”

ಕಲ್ಲಮ್ಮನ ಬಣ್ಣ ಬಿಳುಚಿತು. “ರೀ, ಇವತ್ತು ಬ್ಯಾಡ ಕಣ್ರೀ! ಶನಿವಾರ!”

“ಇವತ್ತು ಬುಧವಾರ ಕಣೇ!” ಎಂದು ಅವನು ಆಗಲೇ ಬೀದಿಗೆ ಇಳಿದಿದ್ದ. ಕೈಯಲ್ಲಿದ್ದ ಮೊಸರಿನ ಸೌಟಿನ ಸಮೇತ ಕಲ್ಲಮ್ಮ ಹಿಂದೆ ಓಡಿದಳು.

ಅಂಕಮ್ಮನ ಮನೆಯ ಮುಂದೆ ಜನ ಸೇರಲು ಹೊತ್ತೇನೂ ಹಿಡಿಯಲಿಲ್ಲ. ಶಂಭಣ್ಣನಿಗೆ ದೇವರು ಬಂದಿದೆ ಎಂಬ ಸುದ್ದಿ ಅವನಿಗಿಂತ ಮುಂಚೆ ಮನೆ ಮನೆ ಮುಟ್ಟಿತ್ತು. ಉಳಿದ ಮೂರು ಮನೆಯವರೂ ಬಂದು ನಿಂತರು. ಒಬ್ಬಳು ಅರಿಶಿನ ಕುಂಕುಮದ ತಟ್ಟೆಯನ್ನೂ ತಂದಿದ್ದಳು. ಶಂಭುಲಿಂಗಯ್ಯ ಜಗಲಿಯ ಮೇಲೆ ನಿಂತು ಎಲ್ಲರನ್ನೂ ಒಮ್ಮೆ ನೋಡಿದ. ಗದ್ದದ ವಿದ್ಯೆ ಸಿಕ್ಕಿದ ಮೇಲೆ ಏನೂ ಹೇಳದೆ ‘ಈಗ ಆಗಿದೆ, ಇಳಿಸಿ’ ಎಂದುಬಿಟ್ಟರೆ ಮುಗಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ದಾರಿಯುದ್ದಕ್ಕೂ ಅವನು ಹಾಗೇ ಅಂದುಕೊಂಡು ಬಂದಿದ್ದ. ಆದರೆ ಆ ನಾಲ್ಕು ಮನೆಯವರ ಮುಖ ನೋಡಿದ ಮೇಲೆ ನಾಲಿಗೆ ಹಾಗೆ ಹೊರಳಲಿಲ್ಲ.

“ದೇವ್ರೂ ಇಲ್ಲ ದಿಂಡ್ರೂ ಇಲ್ಲ, ಕೇಳ್ರಪ್ಪ” ಎಂದ. “ನನ್ನ ಕಿವಿ ಹೋಗೈತೆ. ಕಾಯಿ ಮೂಕ ಅಂತ ನಿಮಗೆಲ್ಲ ಹೇಳಿದ್ನಲ್ಲ, ಕಾಯಿ ಸರಿಯಾಗೇ ಇದ್ವು, ನನಗೆ ಕೇಳ್ಸಿಲ್ಲ ಅಷ್ಟೆ. ಟವರ್ರೂ ಏನೂ ಮಾಡಿಲ್ಲ ಪಾಪ. ನನ್ನ ಮಾತು ಕಟ್ಕಂಡು ನಿಮಗೆ ಲುಕ್ಸಾನಾಯ್ತು. ತಪ್ಪಾಯ್ತು.”

ಮೋಹನ್ ಕುಮಾರ್ ಕಾಲಬೆರಳಿನಿಂದ ನೆಲ ಕೆರೆಯತೊಡಗಿದ.

“ಒಂದು ಕಾಯಿ ತಾರ್ಲಾ ಮೋಹನ” ಎಂದು ತರಿಸಿಕೊಂಡು, ಗದ್ದದ ಕೆಳಗೆ ಒತ್ತಿ ತಲೆ ಕೊಡವಿದ. “ಲೊಟಲೊಟ. ಇವತ್ತೇ ಇಳಿಸ್ಬೇಕು. ನಾನೇ ಕೆಡಿಸಿದ್ದು, ನಾನೇ ಹತ್ತಿ ಇಳಿಸಿಕೊಡ್ತೀನಿ. ಏಣಿ ಎಲ್ಲೈತೆ?”

“ಬ್ಯಾಡ ಶಂಭಣ್ಣ!” ಎಂದಳು ಅಂಕಮ್ಮ. “ಮಂಡಿನೋವು ಕಣ್ರೀ!” ಎಂದಳು ಕಲ್ಲಮ್ಮ. “ಅಣ್ಣ, ಮೇಲೆ ಚೇಳು ಐತೆ!” ಎಂದ ಮೋಹನ್ ಕುಮಾರ್. ಶಂಭುಲಿಂಗಯ್ಯನಿಗೆ ಇದ್ಯಾವುದೂ ಕೇಳಿಸಲಿಲ್ಲ, ಕೇಳಿಸಿದ್ದರೂ ನಿಲ್ಲುತ್ತಿರಲಿಲ್ಲ. ಒಂದೊಂದು ಮೆಟ್ಟಿಲಿಗೂ ಶಿವಶಿವಾ ಎನ್ನುತ್ತ ಹತ್ತಿ ಅಟ್ಟದೊಳಗೆ ತಲೆ ಹಾಕಿದ.

ಅಟ್ಟ ಖಾಲಿ. ಈ ಗೋಡೆಯಿಂದ ಆ ಗೋಡೆಯವರೆಗೆ ಗುಡಿಸಿಟ್ಟ ನೆಲ. ಮೂಲೆಯಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಉಳಿದ ಆರು ಕಾಯಿ. ಪಕ್ಕದಲ್ಲಿ ಮೊಟ್ಟೆಗೆ ಕೂತ ಒಂದು ಹೇಂಟೆ ತನ್ನ ಏಕಾಂತ ಕೆಡಿಸಿದವನನ್ನು ಕೆಂಗಣ್ಣಿನಿಂದ ನೋಡಿತು.

ಶಂಭುಲಿಂಗಯ್ಯ ಏಣಿಯ ಮೇಲೇ ನಿಂತು ಕೆಳಗೆ ನೋಡಿದ. ಕೆಳಗಿದ್ದವರೆಲ್ಲ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು.

“ಎಲ್ಲಮ್ಮ ಕಾಯಿ?”

“ಮಾರಿದ್ವು” ಎಂದಳು ಅಂಕಮ್ಮ. ಕೇಳಿಸಲಿಲ್ಲವೆಂದು ಮತ್ತೆ ಕೂಗಿದಳು. “ಮಾರಿದ್ವು ಕಣಣ್ಣ! ಆವಾಗ್ಲೇ! ನೀನು ಕೆಂಕೆರೆಗೆ ಹೋಗಿದ್ದಾಗ!”

“ನೀವೂನಾ?” ಎಂದು ಉಳಿದವರನ್ನು ಕೇಳಿದ. ಅವರು ತಲೆ ತಗ್ಗಿಸಿದರು. ತುರುವೇಕೆರೆಯಿಂದ ಸುಲಿಯುವವರ ಗುಂಪು ಕರೆಸಿ ಮೂರು ದಿನದಲ್ಲಿ ಇಡೀ ಬೀದಿಯ ಅಟ್ಟ ಇಳಿಸಿದ್ದರು. ಮೂರು ದಿನ, ಕೆಂಕೆರೆ, ಶೀಟಿನ ಮೇಲೆ ಸೋಗೆ. ಶಂಭುಲಿಂಗಯ್ಯನ ತಲೆಯಲ್ಲಿ ಒಂದೊಂದಾಗಿ ಕೂಡಿಕೊಂಡವು. ಹಿತ್ತಲಲ್ಲಿ ಆಳೆತ್ತರದ ಚಿಪ್ಪಿನ ರಾಶಿ. ಅವನು ನಿಧಾನವಾಗಿ ತಿರುಗಿ ಹೆಂಡತಿಯನ್ನು ನೋಡಿದ. ಕಲ್ಲಮ್ಮ ಸೌಟನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ಏಣಿ ಇಳಿದವನು ನೇರ ಮನೆಗೆ ನಡೆದ. ತನ್ನ ಮನೆಯ ಏಣಿಯನ್ನೂ ಹತ್ತಿ ನೋಡಿದ. ಇಲ್ಲಿಯೂ ಅದೇ: ಗುಡಿಸಿದ ಅಟ್ಟ, ಒಂದು ಬುಟ್ಟಿ, ಮೂರು ಕಾಯಿ. ಕಲ್ಲಮ್ಮ ಕೆಳಗೆ ಒಂದು ಸಣ್ಣ ಪೆಟ್ಟಿಗೆ ಹಿಡಿದು ನಿಂತಿದ್ದಳು. ಒಳಗೆ ಹುಣಸೆಬೀಜದಷ್ಟು ಸಣ್ಣ ಕಿವಿ ಮಿಷನ್ನು. ಕೊಬ್ಬರಿ ಮಾರಿದ ವಾರವೇ ತಂದು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಳಂತೆ. ಕೊಡಲು ಧೈರ್ಯ ಬಂದಿರಲಿಲ್ಲ.

ಶಂಭುಲಿಂಗಯ್ಯ ಎರಡು ದಿನ ಮುನಿಸಿಕೊಂಡ. ಊಟ ಮಾಡಿದ, ಮಾತಾಡಲಿಲ್ಲ. ಇಪ್ಪತ್ತನಾಲ್ಕು ಸೌಟನ್ನೂ ಮೂಟೆ ಕಟ್ಟಿ ಕೊಟ್ಟಿಗೆಗೆ ಎಸೆದ. ಕಿವಿ ಹೋದದ್ದಕ್ಕಿಂತ ಅವನಿಗೆ ನೋವಾದದ್ದು, ಊರಿಗೇ ಗೊತ್ತಿದ್ದೂ ತನ್ನನ್ನು ಕೂರಿಸಿ ಆಟ ಆಡಿಸಿದರಲ್ಲ ಎಂದು. ಕೇಳದ ಕಿವಿಗೆ ಕಾಯಿ ಹಿಡಿದು ಕಣ್ಣು ಮುಚ್ಚಿಕೊಂಡು ನಿಂತ ತನ್ನ ಗತ್ತು ನೆನೆದರೆ ಮೈಯೆಲ್ಲ ಮುದುರುತ್ತಿತ್ತು.

ಮೂರನೆಯ ದಿನ ಅಂಕಮ್ಮ ಬಂದಳು. ತಲೆಯ ಮೇಲೆ ಅದೇ ಬುಟ್ಟಿ. ಅವನ ಮುಂದೆ ಇಳಿಸಿ, ಹತ್ತಿರ ಕೂತು, ಕಿವಿಯ ಬುಡಕ್ಕೇ ಬಾಯಿಟ್ಟು ಮಾತಾಡಿದಳು.

“ನೋಡಣ್ಣ, ನಮಗೆ ಕಾಯಿ ಆಗೈತೋ ಇಲ್ವೋ ಅಂತ ಗೊತ್ತಾಗಕ್ಕಿಲ್ವಾ? ನಾನೇನು ನೆನ್ನೆ ಮೊನ್ನೆ ಬಂದೋಳಾ ಈ ಸೀಮೆಗೆ? ನನ್ ಯಜಮಾನ ಇದ್ದಾಗಿಂದ ನಿನ್ನ ಕರೀತಿದ್ದು ಅದಕ್ಕಲ್ಲ. ನೀನು ಬಂದು, ಕಣ್ಮುಚ್ಚಿ, ಇಳಿಸಿ ಅಂದ್ರೆ ನಮ್ಗೆ ಹಬ್ಬ ಕಣಣ್ಣ. ವರ್ಷದ ಬೆಳೆ ಮನೆಯಿಂದ ಹೊರಗೆ ಹೋಗೋವಾಗ ಒಬ್ಬ ಹಿರೀಕ ಬಂದು ಹೇಳ್ಲಿ ಅಂತ. ಈ ವರ್ಷ ನೀನು ಇಳಿಸಿ ಅನ್ನದೇನೆ ಮಾರಿದ್ವಲ್ಲ, ಅವತ್ತಿಂದ ನನಗೆ ಸಮಾಧಾನ ಇಲ್ಲ. ಅದಕ್ಕೇ ಈ ಏಳು ಕಾಯಿ ಇಟ್ಕಂಡಿದ್ದು. ನಾಲ್ಕೂ ಮನೇಲಿ ಇಟ್ಕಂಡವ್ರೆ. ಎಂದಾದ್ರೂ ನಿನಗೆ ಕೇಳಿಸ್ಲಿ, ಅವತ್ತು ಇಳಿಸಿ ಅಂತೀಯ, ಅಂತ.”

ಶಂಭುಲಿಂಗಯ್ಯ ಬುಟ್ಟಿಯ ಏಳೂ ಕಾಯಿಯನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಮೂಗು ಒರೆಸಿಕೊಂಡು, “ಕಲ್ಲಾ, ಆ ಮಿಷನ್ನು ತತ್ತಾ” ಎಂದು ಕೂಗಿದ.

ಆದರೆ ಅಂಗಡಿಯ ಸಾಮಾನನ್ನು ಹಾಗೇ ಹಾಕಿಕೊಂಡರೆ ಅವನು ಶಂಭುಲಿಂಗಯ್ಯ ಹೇಗಾದಾನು? ಹುಣಸೆಬೀಜದಷ್ಟು ಮಿಷನ್ನು ಕಿವಿಯ ಹಿಂದೆ ಯಾರಿಗೂ ಕಾಣುತ್ತಿರಲಿಲ್ಲ. ಅದನ್ನು ಇನ್ನೂ ಚೆನ್ನಾಗಿ ಮರೆಮಾಡಬೇಕೆಂದು ಒಂದು ಅರ್ಧ ಚಿಪ್ಪನ್ನು ನುಣ್ಣಗೆ ಉಜ್ಜಿ, ಎಣ್ಣೆ ಸವರಿ, ನಾರಿನ ದಾರ ಕಟ್ಟಿ ಕಿವಿಯ ಮೇಲೆ ಕವುಚಿಕೊಂಡ. ಈಗ ಅವನ ಕಿವಿಯ ಸಮಾಚಾರ ಫರ್ಲಾಂಗು ದೂರದಿಂದ ಕಾಣುತ್ತದೆ. ಕೇಳಿದವರಿಗೆ, “ನಾನೇ ಕಂಡುಹಿಡಿದದ್ದು, ಚಿಪ್ಪಿಗೆ ಸದ್ದು ಹಿಡಿಯೋ ಗುಣ ಐತೆ” ಎನ್ನುತ್ತಾನೆ. ಬೀದಿಯವರು ತಲೆದೂಗುತ್ತಾರೆ, ಮೋಹನ್ ಕುಮಾರ್ ಒಬ್ಬನಿಗೆ ಮಾತ್ರ ಕೆಮ್ಮು ಬರುತ್ತದೆ. ಕಲ್ಲಮ್ಮ ಈಗ ಮೆಲ್ಲಗೆ ಮಾತಾಡುತ್ತಾಳೆ, ಮೆಲ್ಲಗೆ ಬಯ್ಯುತ್ತಾಳೆ, ಅದೂ ಅವನಿಗೆ ಕೇಳಿಸುತ್ತದೆ.

ಮುಂದಿನ ವರ್ಷ ಶಿವರಾತ್ರಿ ಕಳೆದ ಮೇಲೆ ಅಂಕಮ್ಮ ಹೇಳಿಕಳಿಸಿದಳು. ಶಂಭುಲಿಂಗಯ್ಯ ಒಗೆದ ಪಂಚೆ ಉಟ್ಟು, ಚಿಪ್ಪು ಕಟ್ಟಿಕೊಂಡು ಹೋದ. ಮನೆಯವರೆಲ್ಲ ಜಗಲಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಮೋಹನ್ ಕುಮಾರ್ ಕಾಯಿ ತಂದು ಮುಂದೆ ಹಿಡಿದ.

“ತಡಿಯಪ್ಪ” ಎಂದ ಶಂಭುಲಿಂಗಯ್ಯ. “ಮೊದಲು ಏಣಿ ಹಾಕು.”

ಒಂದೊಂದು ಮೆಟ್ಟಿಲಿಗೂ ಶಿವಶಿವಾ ಎನ್ನುತ್ತ ಹತ್ತಿ ತಲೆ ಹಾಕಿ ನೋಡಿದ. ಈ ಗೋಡೆಯಿಂದ ಆ ಗೋಡೆಯವರೆಗೆ, ಹೇಂಟೆಗೂ ಜಾಗ ಬಿಡದ ಹಾಗೆ, ಅಟ್ಟದ ತುಂಬ ಕಾಯಿ. ಇಳಿದು ಬಂದು, ಕಾಯಿಯನ್ನು ಗದ್ದದ ಕೆಳಗೆ ಇಟ್ಟುಕೊಂಡು, ಕಣ್ಣು ಮುಚ್ಚಿದ.